ಅಪ್‌ಡೇಟ್: ಗಪ್ಪಿ ಮೀನಿನ ಮರಿಗಳು ಉಳಿದವು (ಎಲ್ಲವೂ ಅಲ್ಲ)

ಮೇ ತಿಂಗಳಲ್ಲಿ ಕೇಳಿದ್ದೆನಲ್ಲ, ಗಪ್ಪಿ ರಾತ್ರಿ ಮರಿ ಹಾಕುತ್ತೆ, ಬೆಳಗ್ಗೆ ನೋಡಿದರೆ ಒಂದೂ ಇರಲ್ಲ ಅಂತ. ನೀವು ಹೇಳಿದ್ದೇ ನಿಜ. ತಿನ್ನುತ್ತಿದ್ದದ್ದು ಹೆತ್ತ ತಾಯಿಯೇ!

ಈ ಸಲ ತಾಯಿಯ ಹೊಟ್ಟೆ ಚೌಕವಾಗಿ, ಬಾಲದ ಕಡೆಯ ಕಪ್ಪು ಮಚ್ಚೆ ದೊಡ್ಡದಾದ ಕೂಡಲೇ ಅದನ್ನು ಜಾವಾ ಮಾಸ್ (ನೀರಲ್ಲಿ ಬೆಳೆಯುವ ಪಾಚಿಯಂಥ ಗಿಡ) ತುಂಬಿದ ಬೇರೆ ಟ್ಯಾಂಕಿಗೆ ಬಿಟ್ಟೆ. 23 ಮರಿ. ಹೆತ್ತಾದ ಮೇಲೆ ತಾಯಿ ವಾಪಸ್.

ಕಾಟ ಕೊಟ್ಟದ್ದು ಚಳಿ. ಮಡಿಕೇರಿಯ ಕಕ್ಕಡ (ಜುಲೈ-ಆಗಸ್ಟ್) ಮಳೆ ಗೊತ್ತಲ್ಲ, ಎರಡು ದಿನ ಕರೆಂಟಿಲ್ಲ, ಹೀಟರ್ ಇದ್ದೂ ಇಲ್ಲದಂತೆ. ನೀರು 19 ಡಿಗ್ರಿಗೆ ಇಳಿಯಿತು. ಟ್ಯಾಂಕಿಗೆ ಕಂಬಳಿ ಸುತ್ತಿ, ಬಿಸಿನೀರು ತುಂಬಿದ ಬಾಟಲಿ ತೇಲಿಬಿಟ್ಟೆ. "ನನಗೆ ಜ್ವರ ಬಂದಾಗ ಇಷ್ಟು ಮಾಡಿದ್ದಿಲ್ಲ ನೀನು" ಅಂದರು ಅಮ್ಮ. ಆದರೂ 6 ಮರಿ ಹೋದವು. ಈಗ 26 ಡಿಗ್ರಿಯಲ್ಲಿದೆ.

ಬೇಯಿಸಿದ ಮೊಟ್ಟೆಯ ಹಳದಿ ಹಾಕಬೇಡಿ, ಚೂರು ಹೆಚ್ಚಾದರೂ ನೀರು ಗಬ್ಬು. ನಾನೀಗ ದೊಡ್ಡ ಮೀನಿನ ಆಹಾರವನ್ನೇ ನುಣ್ಣಗೆ ಪುಡಿಮಾಡಿ ದಿನಕ್ಕೆ ಮೂರು ಸಲ ಚಿಟಿಕೆ ಹಾಕುತ್ತೇನೆ.

ಗಂಡುಗಳನ್ನು ಬೇರೆ ಮಾಡಿ ತಿಂಗಳಾದರೂ ಆ ತಾಯಿ ಮತ್ತೆ ಗರ್ಭಿಣಿ! ವೀರ್ಯವನ್ನು ತಿಂಗಳುಗಟ್ಟಲೆ ಒಳಗೇ ಕೂಡಿಟ್ಟುಕೊಳ್ಳುತ್ತದಂತೆ. ಮರಿ ಹೆಚ್ಚಾದರೆ ತೋಡಿಗಂತೂ ಬಿಡಲ್ಲ, ಅಲ್ಲಿನ ಮೀನುಗಳಿಗೆ ತೊಂದರೆ. ಕುಶಾಲನಗರ ಕಡೆಯವರು ಯಾರಿಗಾದರೂ ಬೇಕಾ?