ಕರ್ವಾಲೊ ಓದಿದ ಮಗ ಓತಿ ಹುಡುಕುತ್ತಿದ್ದಾನೆ, ಮುಂದೆ ಏನು ಕೊಡಲಿ?

ಮೂರನೇಮಹಡಿ:
ನನ್ನ ಮಗನಿಗೆ 12 ವರ್ಷ. ಓದುವುದು ಇಂಗ್ಲಿಷ್ ಮೀಡಿಯಂ, ಕನ್ನಡ ಪುಸ್ತಕ ಅಂದರೆ ಪರೀಕ್ಷೆಗೆ ಮಾತ್ರ ಅಂದುಕೊಂಡವನು. ಬೇಸಿಗೆ ರಜೆಯಲ್ಲಿ ಅಜ್ಜಿ ಮನೆಯಲ್ಲಿ ಎರಡು ದಿನ ಕರೆಂಟ್ ಇರಲಿಲ್ಲ, ಮೊಬೈಲ್ ಚಾರ್ಜೂ ಮುಗಿದಿತ್ತು, ಬೇರೆ ಗತಿಯಿಲ್ಲದೆ ನನ್ನ ಹಳೇ 'ಕರ್ವಾಲೊ' (ಪೂರ್ಣಚಂದ್ರ ತೇಜಸ್ವಿಯವರ ಕಾದಂಬರಿ, ಹಾರುವ ಓತಿ ಹುಡುಕಿಕೊಂಡು ಹೋಗುವ ಕಥೆ) ಕೈಗೆತ್ತಿಕೊಂಡ. ಮೊದಮೊದಲು ಸಾಲಿಗೊಂದು ಸಲ "ಅಮ್ಮಾ, ಹೀಗಂದ್ರೇನು?" ಎಂದು ಕೇಳುತ್ತಿದ್ದ. ಕಥೆಯಲ್ಲಿ ಹಳ್ಳಿ ಹುಡುಗ ಮಂದಣ್ಣ ಬಂದ ಮೇಲೆ ಕೇಳುವುದು ನಿಂತಿತು. ಕೊನೆಯಲ್ಲಿ ಓತಿ ಪ್ರಪಾತದ ಕಡೆ ತೇಲಿ ಹೋದಾಗ "ಹಿಡೀಲೇ ಇಲ್ವಾ?!" ಎಂದು ಪುಸ್ತಕ ಎಸೆದ. ಅರ್ಧ ಗಂಟೆ ಬಿಟ್ಟು ನೋಡಿದರೆ ಮತ್ತೆ ಮೊದಲ ಪುಟದಿಂದ ಶುರು ಮಾಡಿದ್ದಾನೆ.

ಈಗ ಬೆಂಗಳೂರಿಗೆ ವಾಪಸ್ ಬಂದಿದ್ದೇವೆ. ಪಾರ್ಕಿನಲ್ಲಿ ಒಂದೊಂದು ಮರದ ಕೆಳಗೂ ಕತ್ತೆತ್ತಿ ನಿಲ್ಲುತ್ತಾನೆ, ಟ್ಯೂಷನ್‌ಗೆ ದಿನಾ ಲೇಟು. ಅವರಪ್ಪ "ಕಥೆ ಪುಸ್ತಕ ಓದಿ ಯಾರು ಉದ್ಧಾರ ಆಗಿದ್ದಾರೆ" ಅನ್ನುತ್ತಾರೆ. ಅದಕ್ಕೇ ಕೇಳುತ್ತಿದ್ದೇನೆ. ತೇಜಸ್ವಿಯವರದ್ದು ಮುಂದೆ ಯಾವುದು ಕೊಡಲಿ? ಮತ್ತೆ, ಚಿಕ್ಕಂದಿನಲ್ಲಿ ಅವರನ್ನು ಓದಿದವರು ನಿಜವಾಗಿ ಏನಾದಿರಿ? ಸುಳ್ಳು ಹೇಳಬೇಡಿ, ಉತ್ತರಗಳನ್ನು ಮನೆಯಲ್ಲಿ ತೋರಿಸಬೇಕು.

ಸೋಗೆ:
ಮೊದಲು ಓತಿ ವಿಷಯ. ನಿಮ್ಮ ಪಾರ್ಕಿನಲ್ಲಿ ಅದು ಸಿಗುವುದಿಲ್ಲ, ಪಾಪ ಹುಡುಗನಿಗೆ ಹೇಳಿಬಿಡಿ. ನಮ್ಮ ಪುತ್ತೂರು ಕಡೆ ಅಡಿಕೆ ತೋಟಗಳಲ್ಲಿ ಇದೆ. ಮರಕ್ಕೆ ಅಂಟಿ ಕೂತರೆ ತೊಗಟೆ ಯಾವುದು ಓತಿ ಯಾವುದು ಗೊತ್ತೇ ಆಗುವುದಿಲ್ಲ. ಗಂಡು ಗಂಟಲ ಕೆಳಗಿನ ಹಳದಿ ಚೀಲ ಬಿಚ್ಚಿ ಮಡಚಿದಾಗ ಮಾತ್ರ ಕಣ್ಣಿಗೆ ಬೀಳುತ್ತದೆ. ಇನ್ನೊಂದು, ಅದು ಹಕ್ಕಿ ಥರ ಹಾರುವುದಿಲ್ಲ. ಪಕ್ಕೆಲುಬು ಅಗಲಿಸಿ ಚರ್ಮ ಹರಡಿಕೊಂಡು ಈ ಮರದಿಂದ ಆ ಮರಕ್ಕೆ ತೇಲುತ್ತದೆ ಅಷ್ಟೇ. ಕಥೆಯಲ್ಲಿರುವ ಓತಿಯೇ ಬೇರೆ, ಅದರ ಹಿಂದೆ ಕೋಟಿಗಟ್ಟಲೆ ವರ್ಷಗಳ ಲೆಕ್ಕ ಇದೆ, ಅದು ಅವನಿಗೂ ಗೊತ್ತಿರುತ್ತೆ ಬಿಡಿ.

ತಮಾಷೆ ಏನೆಂದರೆ ನಾನು ಹುಟ್ಟಿ ಬೆಳೆದದ್ದೇ ತೋಟದಲ್ಲಿ, ಆದರೆ ಅದನ್ನು ಸರಿಯಾಗಿ ನೋಡಿದ್ದು ಒಂಬತ್ತನೇ ಕ್ಲಾಸಿನಲ್ಲಿ, ಆ ಪುಸ್ತಕ ಓದಿದ ಮೇಲೆ. ಅಪ್ಪನಿಗೆ ತೋರಿಸಿದರೆ "ಅದಾ, ಯಾವಾಗಲೂ ಇರುತ್ತದಲ್ಲ" ಎಂದು ಔಷಧಿ ಹೊಡೆಯಲು ಹೋದರು.

ಕೌಂಟರ್ನಾಲ್ಕು:
ನಾನು ವಿಜ್ಞಾನಿಯೂ ಆಗಲಿಲ್ಲ, ಫೋಟೋಗ್ರಾಫರೂ ಆಗಲಿಲ್ಲ. ಬ್ಯಾಂಕಿನಲ್ಲಿ ಸಾಲದ ಅರ್ಜಿ ನೋಡುವ ಕೆಲಸ. ನಿಮ್ಮ ಯಜಮಾನರಿಗೆ ಇಷ್ಟೇ ತೋರಿಸಿದರೆ ಖುಷಿಯಾಗುತ್ತಾರೇನೋ.

ಆದರೆ ಪೂರ್ತಿ ಹೇಳುತ್ತೇನೆ. ಸ್ಕೂಲಲ್ಲಿ ನಾನು ಕೊನೇ ಬೆಂಚು. ಪ್ರಬಂಧ ಬರೆ ಅಂದರೆ ಕೈ ನಡುಗುತ್ತಿತ್ತು, ಯಾಕೆಂದರೆ ಮನೆಯಲ್ಲಿ ಆಡುವ ಕನ್ನಡ ಒಂದು, ಕಾಗದದ ಮೇಲೆ ಬರೆಯಬೇಕಾದ ಕನ್ನಡ ಇನ್ನೊಂದು ಅಂತ ತಲೆಯಲ್ಲಿತ್ತು. ತಾಲೂಕು ಲೈಬ್ರರಿಯಲ್ಲಿ 'ಪರಿಸರದ ಕಥೆ' ಸಿಕ್ಕಿತು. ನಾಯಿ, ಮೀನು, ಗದ್ದೆ, ಕೆಲಸದವರ ಜಗಳ, ಎಲ್ಲಾ ನಮ್ಮೂರಿನ ಜಗಲಿಯಲ್ಲಿ ಕೂತು ಹೇಳಿದ ಹಾಗೆ. ಅರೆ, ಹೀಗೂ ಬರೆಯಬಹುದಾ ಅನ್ನಿಸಿತು. ಕನ್ನಡ ಎಂ.ಎ. ಮಾಡಿದ ಮನುಷ್ಯ, ಅದೂ ಕುವೆಂಪು ಮಗ, ಮೇಷ್ಟ್ರಾಗುವುದು ಬಿಟ್ಟು ಮೂಡಿಗೆರೆಯಲ್ಲಿ ಕಾಫಿ ಬೆಳೆದುಕೊಂಡು ಇರಬಹುದು ಅನ್ನುವುದೇ ನನಗೆ ದೊಡ್ಡ ಸುದ್ದಿ.

ಆಮೇಲೆ ಮಂದಣ್ಣ. ಊರಿನವರ ಲೆಕ್ಕದಲ್ಲಿ ಅವನು ಯಾವ ಕೆಲಸಕ್ಕೂ ಬಾರದವನು. ದೊಡ್ಡ ವಿಜ್ಞಾನಿ ಕರ್ವಾಲೊಗೆ ಮಾತ್ರ ಅವನು ಹುಟ್ಟು ಪ್ರಕೃತಿ ಶಾಸ್ತ್ರಜ್ಞ. ಕೊನೇ ಬೆಂಚಿನವನಿಗೆ ಅದು ಹೇಗೆ ನಾಟಿರಬೇಡ! ಈಗಲೂ ಬೆಳೆ ಸಾಲಕ್ಕೆ ಯಾರಾದರೂ ಅಜ್ಜ ಬಂದು ಹೆಬ್ಬೆಟ್ಟು ಒತ್ತಿದರೆ, ನನಗೆ ಮೊದಲು ಹೊಳೆಯುವುದು ಇವರಿಗೆ ನನಗಿಂತ ಏನು ಜಾಸ್ತಿ ಗೊತ್ತಿರಬಹುದು ಅಂತ. ಕೇಳುತ್ತೇನೆ ಕೂಡ. ಹಿಂದೆ ಕ್ಯೂ ಬೆಳೆದು ಮ್ಯಾನೇಜರ್ ಹತ್ತಿರ ಬೈಸಿಕೊಂಡಿದ್ದೂ ಇದೆ.

ಮಾರಿಬಿಟ್ಟೆ:
ನಾನು ಹಾಳಾದ ಕೇಸು, ನನ್ನದೂ ಬರೆದುಕೊಳ್ಳಿ. 15ನೇ ವಯಸ್ಸಿನಲ್ಲಿ ಓದಿ ತಲೆ ಕೆಟ್ಟಿತು. ಸಾಫ್ಟ್‌ವೇರ್‌ನಲ್ಲಿ ದುಡಿದ ದುಡ್ಡೆಲ್ಲಾ ಸುರಿದು ಮಲೆನಾಡಿನಲ್ಲಿ ಎರಡು ಎಕರೆ ತಗೊಂಡೆ. ಕಾಳುಮೆಣಸಿಗೆ ಸೊರಗು ರೋಗ, ಕೊಯ್ಲಿಗೆ ಆಳು ಸಿಗಲ್ಲ, ಒಂದು ರಾತ್ರಿ ಆನೆ ಬಂದು ಬಾಳೆ ಪೂರ್ತಿ ಮುಗಿಸಿತು. ಐದನೇ ವರ್ಷಕ್ಕೆ ಮಾರಿ ವಾಪಸ್.

ತೇಜಸ್ವಿಯವರನ್ನು ಬೈಯುತ್ತಿಲ್ಲ. 'ಚಿದಂಬರ ರಹಸ್ಯ'ದಲ್ಲಿ ಏಲಕ್ಕಿ ನೆಲಕಚ್ಚುವುದು, ಜಾತಿ ಜಗಳ, ಕೊನೆಗೆ ಊರಿಗೇ ಬೆಂಕಿ, ಎಲ್ಲಾ ಬಿಡಿಸಿ ಬರೆದಿದ್ದಾರೆ. ನಾನೇ ಮಳೆ ಮತ್ತು ಹಕ್ಕಿ ಇರುವ ಪುಟಗಳನ್ನು ಆರಿಸಿಕೊಂಡು ಓದಿದ್ದು. ಆ ಪುಸ್ತಕ ಮಾತ್ರ ಮಗನಿಗೆ ಈಗಲೇ ಬೇಡ, ಪಿಯುಸಿಗೆ ಬರಲಿ.

ಕೌಂಟರ್ನಾಲ್ಕು:
@ಮಾರಿಬಿಟ್ಟೆ ಆ ಐದು ವರ್ಷ ಬೇಡವಾಗಿತ್ತು ಅನ್ನಿಸುತ್ತಾ ನಿಮಗೆ?

ಮಾರಿಬಿಟ್ಟೆ:
ಇಎಂಐ ಕಟ್ಟುವ ದಿನ ಅನ್ನಿಸುತ್ತೆ.

ಹಳೇಕಪಾಟು:
ಯಾವುದು ಕೊಡಬೇಕು ಅಂತ ಯಾರೂ ನೆಟ್ಟಗೆ ಹೇಳಲೇ ಇಲ್ಲವಲ್ಲ. 'ಪರಿಸರದ ಕಥೆ' ಮೊದಲು, ಕಣ್ಣುಮುಚ್ಚಿ ಕೊಡಿ. ಆಮೇಲೆ ಬೇಟೆಗಾರ ಕೆನೆತ್ ಆಂಡರ್ಸನ್ ಬರೆದದ್ದನ್ನು ತೇಜಸ್ವಿ ಕನ್ನಡಕ್ಕೆ ತಂದ 'ಕಾಡಿನ ಕಥೆಗಳು'. ಇದರಲ್ಲಿ ಹುಲಿ ಚಿರತೆ ಹೊಡೆಯುವುದು ಜಾಸ್ತಿ, ಅದು 1972ರ ವನ್ಯಜೀವಿ ಕಾಯ್ದೆಗೆ ಮುಂಚಿನ ಕಾಲ ಎಂದು ಒಂದು ಮಾತು ಹೇಳಿ ಕೊಡಿ, ಇಲ್ಲದಿದ್ದರೆ ಏರ್‌ಗನ್ ಕೇಳುತ್ತಾನೆ (ನಾನು ಕೇಳಿದ್ದೆ, ಏಟು ಸಿಕ್ಕಿತು). 'ಅಣ್ಣನ ನೆನಪು' (ಅಣ್ಣ ಅಂದರೆ ತೇಜಸ್ವಿಯವರ ತಂದೆ ಕುವೆಂಪು) ಇನ್ನೆರಡು ವರ್ಷ ಬಿಟ್ಟು. ಅದನ್ನು ಹುಡುಗನ ಅಪ್ಪನೂ ಓದಬಹುದು, ಅಪ್ಪ-ಮಗನ ಪುಸ್ತಕ ಅದು.

ಅರ್ಥವಾಗದ ಪದ ಕೇಳಿದರೆ ಮಾತ್ರ ಹೇಳಿ. ನೀವಾಗಿ ವಿವರಿಸಲು ಹೋದರೆ ಅದೂ ಪಠ್ಯಪುಸ್ತಕ ಆಗಿಬಿಡುತ್ತದೆ.

ಮೂರನೇಮಹಡಿ:
ಎಲ್ಲರಿಗೂ ಥ್ಯಾಂಕ್ಸ್. ಮನೆಯಲ್ಲಿ ತೋರಿಸಿದೆ. ಎಲ್ಲಾ ಓದಿ, "ಆ ಎರಡು ಎಕರೆಯವರು ಒಬ್ಬರೇ ನಿಜ ಹೇಳುತ್ತಿರುವುದು" ಅಂದರು. ಆಮೇಲೆ ಆ ಜಾಗ ಎಷ್ಟಕ್ಕೆ ಮಾರಿದರು ಕೇಳು ಅಂದರು. ಕೇಳುವುದಿಲ್ಲ ಬಿಡಿ.

ಮಗ ಮಾತ್ರ ಹಳದಿ ಚೀಲದ ಸಾಲನ್ನು ನಾಲ್ಕು ಸಲ ಓದಿಸಿಕೊಂಡ. @ಸೋಗೆ ಅಣ್ಣಾ, ದಸರಾ ರಜೆಯಲ್ಲಿ ಬಂದರೆ ಕಾಣಬಹುದಾ? ಮಳೆ ಇರುತ್ತಾ?

ಸೋಗೆ:
ಇದ್ದರೂ ಇರಬಹುದು. ಬನ್ನಿ ಅಕ್ಕ. ಬಿಸಿಲೇರುವ ಹೊತ್ತಿಗೆ ತೋಟಕ್ಕೆ ಇಳಿದರೆ ಸಾಕು. ಇದೇ ಊರಲ್ಲಿ ಸಾಹಿತಿ ಶಿವರಾಮ ಕಾರಂತರ ಬಾಲವನವೂ ಇದೆ, ಓತಿ ಕೈಕೊಟ್ಟರೆ ಅಲ್ಲಿಗೆ ಹೋಗೋಣ. ಹುಡುಗನಿಗೆ ಬಾಟಲಿ ತರಬೇಡ ಅನ್ನಿ, ಹಿಡಿಯುವ ಹಾಗಿಲ್ಲ.