ಅಜ್ಜಿಯ ಪುಣ್ಯಸ್ಮರಣೆಯ ಕಿರುಹೊತ್ತಿಗೆಯಲ್ಲಿ ಏನನ್ನು ಬರೆಯಬೇಕು?

ಪ್ರಶ್ನೆ (ದಾವಣಗೆರೆಯಿಂದ)

ನಮ್ಮ ಅಜ್ಜಿ ಲಿಂಗೈಕ್ಯರಾಗಿ ಬರುವ ತಿಂಗಳಿಗೆ ವರ್ಷ ತುಂಬುತ್ತದೆ. ಅಂದು ಬರುವ ಬಂಧುಗಳಿಗೆ ಕೊಡಲು ಕಿರುಹೊತ್ತಿಗೆಯೊಂದನ್ನು ಅಚ್ಚು ಹಾಕಿಸಬೇಕೆಂದು ಹಿರಿಯರು ತೀರ್ಮಾನಿಸಿ, ಬರೆಯುವ ಹೊಣೆಯನ್ನು ನನಗೆ ವಹಿಸಿದ್ದಾರೆ. ದೊಡ್ಡಪ್ಪನವರು ಕೊಟ್ಟ ಕರಡಿನಲ್ಲಿ ‘ಸಾಧ್ವಿ, ಪತಿಪರಾಯಣೆ, ಮಮತೆಯ ಮೂರ್ತಿ’ ಎಂಬ ಮಾತುಗಳಿವೆ. ಅವು ನಿಜವೇ ಆದರೂ ಯಾವ ಮನೆಯ ಅಜ್ಜಿಗಾದರೂ ಒಪ್ಪುವಂತಿವೆ.

ರಾಣೆಬೆನ್ನೂರು ಕಡೆಯ ಹಳ್ಳಿಯಲ್ಲಿ ಹುಟ್ಟಿದ ಅಜ್ಜಿ ಹರಿಹರದ ಬಳಿಯ ಊರಿಗೆ ಸೊಸೆಯಾಗಿ ಬಂದು, ಅಜ್ಜನಿಗೆ ಹತ್ತಿ ಗಿರಣಿಯಲ್ಲಿ ಕೆಲಸ ಸಿಕ್ಕ ಮೇಲೆ ದಾವಣಗೆರೆಯಲ್ಲಿ ನೆಲೆಸಿದರು. ಗಿರಣಿ ಮುಚ್ಚಿದಾಗ ಜೋಳದ ರೊಟ್ಟಿ ತಟ್ಟಿ, ಶೇಂಗಾ ಚಟ್ನಿಪುಡಿ ಮಾಡಿ, ಕಾಲೇಜು ಹುಡುಗರ ಕೊಠಡಿಗಳಿಗೆ ಕೊಟ್ಟು ಮನೆ ನಡೆಸಿದರು. ಶಾಲೆಗೆ ಹೋದವರಲ್ಲವಾದ್ದರಿಂದ ಹುಟ್ಟಿದ ವರ್ಷ ಯಾರಿಗೂ ತಿಳಿಯದು. ಅವರ ಒಂದು ಕೂಸು ಎಳವೆಯಲ್ಲೇ ತೀರಿಕೊಂಡಿತ್ತು. ಅದನ್ನು ಬರೆಯುವುದು ಬೇಡವೆಂದು ದೊಡ್ಡಪ್ಪನವರ ಅಭಿಪ್ರಾಯ. ತಿಳಿದವರು ದಾರಿ ತೋರಿಸಬೇಕು.

ಉತ್ತರ (ಹರಿಹರ, ನಿವೃತ್ತ ಶಿಕ್ಷಕ)

ಕಾಲನಿರ್ಣಯಕ್ಕೆ ಅಜ್ಜಿಯ ಮದುವೆಯಿಂದ ಹೊರಡಿ. 1956ರ ನವೆಂಬರ್ 1ಕ್ಕೆ ಮುಂಚೆ ರಾಣೆಬೆನ್ನೂರು ಮುಂಬಯಿ ರಾಜ್ಯದ ಧಾರವಾಡ ಜಿಲ್ಲೆಯಲ್ಲಿಯೂ, ಹರಿಹರ ಮೈಸೂರು ರಾಜ್ಯದ ಚಿತ್ರದುರ್ಗ ಜಿಲ್ಲೆಯಲ್ಲಿಯೂ ಇದ್ದವು. ತುಂಗಭದ್ರೆಯನ್ನು ದಾಟಿದ ಮದುವೆಯ ದಿಬ್ಬಣ ಒಂದು ರಾಜ್ಯದಿಂದ ಇನ್ನೊಂದಕ್ಕೆ ಬಂದಿತ್ತೇ ಎಂಬುದು ಅವರ ಓರಗೆಯವರಿಗೆ ನೆನಪಿರಬಹುದು. ಹಿರಿಯ ಮಗುವಿನ ಶಾಲಾ ದಾಖಲಾತಿಯಲ್ಲಿ ಜನ್ಮದಿನಾಂಕವಿರುತ್ತದೆ. ಅದರಿಂದ ಹಿಂದಕ್ಕೆ ಎಣಿಸಿದರೆ ಅಜ್ಜಿಯ ವಯಸ್ಸನ್ನು ಅಂದಾಜು ಮಾಡಬಹುದು. ಮತದಾರರ ಪಟ್ಟಿಯ ವಯಸ್ಸನ್ನು ಮಾತ್ರ ನೆಚ್ಚಬೇಡಿ. ಆ ತಲೆಮಾರಿನವರದು ಬಹುಮಟ್ಟಿಗೆ ಊಹೆಯಿಂದ ಬರೆಸಿದ್ದು. ಕೊನೆಗೂ ಖಚಿತವಾಗದಿದ್ದರೆ ‘ಸುಮಾರು’ ಎಂದು ಬರೆಯಿರಿ, ಇಲ್ಲದ ತಾರೀಖನ್ನು ಸೃಷ್ಟಿಸಬೇಡಿ.

ಉತ್ತರ (ಚಿತ್ರದುರ್ಗದಿಂದ)

ನೀವು ಒಂದೇ ವಾಕ್ಯದಲ್ಲಿ ಹೇಳಿ ಮುಗಿಸಿದ ರೊಟ್ಟಿಯ ಸಂಗತಿಯೇ ಆ ಹೊತ್ತಿಗೆಯ ಮುಖ್ಯ ಭಾಗವಾಗಬೇಕೆಂದು ನನಗೆ ತೋರುತ್ತದೆ. ಗಂಡನ ಸಂಬಳ ನಿಂತ ಮನೆಯಲ್ಲಿ ಬೆಳಗಿನ ಜಾವ ಎದ್ದು, ಎಸರಿಟ್ಟು, ಹಿಟ್ಟು ನಾದಿ, ಹೊಗೆಯಲ್ಲಿ ಕುಳಿತು ರೊಟ್ಟಿ ಬೇಯಿಸಿದ ಹೆಂಗಸನ್ನು ‘ಪತಿಪರಾಯಣೆ’ ಎಂದಷ್ಟೇ ಕರೆದರೆ ಅವರ ದುಡಿಮೆ ಕಣ್ಣಿಗೆ ಬೀಳುವುದಿಲ್ಲ. ರೊಟ್ಟಿಯ ಬೆಲೆಯನ್ನು ಯಾರು ನಿಗದಿ ಮಾಡುತ್ತಿದ್ದರು, ತಿಂಗಳ ಲೆಕ್ಕವನ್ನು ಓದುಬರಹ ಬಾರದ ಅವರು ಹೇಗೆ ಇಡುತ್ತಿದ್ದರು, ಆ ಹಣದಲ್ಲಿ ಯಾರ ಫೀಸು ಕಟ್ಟಿದರು, ಹಣ ಕೊಡಲಾಗದ ಹುಡುಗನಿಗೆ ಏನೆನ್ನುತ್ತಿದ್ದರು ಎಂಬುದನ್ನೆಲ್ಲ ಮನೆಯ ಹೆಣ್ಣುಮಕ್ಕಳನ್ನು ಕೇಳಿ ಬರೆದುಕೊಳ್ಳಿ. ಗಂಡುಮಕ್ಕಳಿಗೆ ಇವು ತಿಳಿದಿರುವುದು ಕಡಿಮೆ.

ಹಳ್ಳಿಯಲ್ಲಿದ್ದಾಗಿನ ಬದುಕನ್ನೂ ಬಿಡಬೇಡಿ. ಭದ್ರಾ ನಾಲೆಯ ನೀರು ಬರುವ ಮುಂಚೆ ಆ ಭಾಗದ ಹೊಲಗಳಲ್ಲಿ ಜೋಳ, ಹತ್ತಿ, ಶೇಂಗಾ ಬೆಳೆಯುತ್ತಿದ್ದರು. ನೀರು ಬಂದ ಊರುಗಳಲ್ಲಿ ಭತ್ತದ ಗದ್ದೆಗಳಾದವು. ಹತ್ತಿ ಬಿಡಿಸುತ್ತಿದ್ದ ಹೆಂಗಸರು ನಾಟಿಗೆ ಇಳಿದರು, ಮನೆಗಳಲ್ಲಿ ಅನ್ನದ ಬಳಕೆ ಹೆಚ್ಚಿತು. ನಿಮ್ಮ ಅಜ್ಜಿ ಈ ಎರಡರಲ್ಲಿ ಯಾವ ಕೆಲಸ ಮಾಡಿದ್ದರು? ಬೀಸುವಾಗ ಹಾಡುತ್ತಿದ್ದ ಪದಗಳು ಅವರ ತಂಗಿಯರಿಗೆ ಬರುತ್ತಿದ್ದರೆ ಈಗಲೇ ಧ್ವನಿಮುದ್ರಿಸಿಕೊಳ್ಳಿ. ಅವರು ಹೊಲಿದ ಕೌದಿ ಮನೆಯಲ್ಲಿದ್ದರೆ ಅದರ ಚಿತ್ರವನ್ನೂ ಹಾಕಿಸಿ.

ಉತ್ತರ (ದಾವಣಗೆರೆ, ಗೃಹಿಣಿ)

ತೀರಿಕೊಂಡ ಕೂಸಿನ ವಿಷಯದಲ್ಲಿ ದೊಡ್ಡಪ್ಪನವರ ಸಂಕೋಚ ಅರ್ಥವಾಗುತ್ತದೆ. ಪುಣ್ಯಸ್ಮರಣೆಯ ದಿನ ನೋವನ್ನು ಕೆದಕಬಾರದೆಂಬುದು ಹಿರಿಯರ ರೂಢಿ. ಆದರೂ ಹೆತ್ತವಳ ಬದುಕನ್ನು ಬರೆಯುವಾಗ ಅವಳು ಹೆತ್ತ ಮಗುವೊಂದನ್ನು ಎಣಿಕೆಯಿಂದ ಬಿಡುವುದು ನ್ಯಾಯವೆಂದು ನನಗೆ ಅನ್ನಿಸುವುದಿಲ್ಲ. ಅಜ್ಜಿ ಆ ಕೂಸಿನ ಮಾತನ್ನು ತಾವಾಗಿಯೇ ಆಡುತ್ತಿದ್ದರೇ ಎಂದು ಮೊದಲು ನಿಮ್ಮ ಅತ್ತೆಯರನ್ನು ವಿಚಾರಿಸಿ. ಆಡುತ್ತಿದ್ದರೆ ಮಕ್ಕಳ ಹೆಸರುಗಳ ಸಾಲಿನಲ್ಲಿ ಅದರ ಹೆಸರನ್ನೂ ಸೇರಿಸಿ, ಹೆಚ್ಚಿನ ವಿವರಣೆ ಬೇಕಿಲ್ಲ. ಅವರೇ ಮುಚ್ಚಿಟ್ಟುಕೊಂಡಿದ್ದರೆ ಅವರ ಇಚ್ಛೆಯಂತೆಯೇ ಇರಲಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಶರಣು. ಇಂದು ಸಂಜೆ ದೊಡ್ಡತ್ತೆಯವರನ್ನು ಕೇಳಿದೆ. ಅಜ್ಜಿ ಪ್ರತಿ ಬಸವ ಜಯಂತಿಯಂದು ಆ ಕೂಸಿನ ಹೆಸರು ಹಿಡಿದು ಓಣಿಯ ಮಕ್ಕಳಿಗೆ ಪಾನಕ ಹಂಚುತ್ತಿದ್ದರಂತೆ. ಇದು ದೊಡ್ಡಪ್ಪನವರಿಗೂ ತಿಳಿದಿರಲಿಲ್ಲ. ಹೆಸರನ್ನು ಸೇರಿಸಲು ಅವರು ಒಪ್ಪಿದ್ದಾರೆ. ರೊಟ್ಟಿಯ ಲೆಕ್ಕವನ್ನು ಗೋಡೆಯ ಮೇಲೆ ಇದ್ದಿಲಿನ ಗೆರೆಗಳಲ್ಲಿ ಇಡುತ್ತಿದ್ದರೆಂದೂ ಅತ್ತೆ ಹೇಳಿದರು. ಭಾನುವಾರ ರಾಣೆಬೆನ್ನೂರಿಗೆ ಹೋಗಿ ಅಜ್ಜಿಯ ತಂಗಿಯವರನ್ನು ಕಂಡು, ಮದುವೆಯ ವರ್ಷವನ್ನೂ ಬೀಸುವ ಪದಗಳನ್ನೂ ಕೇಳಿ ಬರುತ್ತೇನೆ.