ಕಾಲೇಜಿಗೆ ಹಾಕುವ ‘ಅಪೀಲು’: ಮೇಲ್ಮನವಿಯೋ, ಅಹವಾಲೋ?

ಬಲ್ಲವರಲ್ಲಿ ಒಂದು ಪ್ರಶ್ನೆ.

ನ್ಯೂಜೆರ್ಸಿಯಲ್ಲಿರುವ ನನ್ನ ತಂಗಿ ಮೊನ್ನೆ ಫೋನಿನಲ್ಲಿ, “ಮಗಳ ಕಾಲೇಜಿಗೆ ಅಪೀಲು ಹಾಕಿದೀವಿ ಅಮ್ಮ” ಅಂದಳು. ಅಮ್ಮನಿಗೆ ಗಾಬರಿ. “ಕಾಲೇಜಿನ ಮೇಲೆ ಯಾಕೇ ಕೇಸು?” ನಮ್ಮ ಮನೆಯಲ್ಲಿ ಅಪೀಲು ಅಂದರೆ ಗದ್ದೆ ವ್ಯಾಜ್ಯ, ಹೈಕೋರ್ಟು, ವಕೀಲರ ಫೀಸು.

ಸಂಗತಿ ಇಷ್ಟೇ. ಅಮೆರಿಕದಲ್ಲಿ ಓದಿಗೆ ಸರ್ಕಾರದ ನೆರವು ಬೇಕಾದರೆ ‘ಫಾಫ್ಸಾ’ ಅರ್ಜಿ ತುಂಬಬೇಕು. 2026-27ನೇ ಸಾಲಿನ ಅರ್ಜಿಗೆ 2024ರ ಆದಾಯವೇ ಲೆಕ್ಕ. ತಂಗಿಯ ಗಂಡನ ಕೆಲಸ ಹೋದದ್ದು ಅದಾದ ಮೇಲೆ. ಹಾಗಾಗಿ ಕೆಲಸದಿಂದ ತೆಗೆದ ಪತ್ರವನ್ನೂ ಲಗತ್ತಿಸಿ, ನೆರವು ಹೆಚ್ಚಿಸಿ ಎಂದು ಕಾಲೇಜಿಗೇ ಬರೆದಿದ್ದಾರೆ.

ಇದು ‘ಮೇಲ್ಮನವಿ’ ಹೇಗಾದೀತು? ಮೇಲ್ಮನವಿಗೆ ಮೇಲಿನವರೊಬ್ಬರು ಬೇಕು. ಇಲ್ಲಿ ಓದಿ ತೀರ್ಮಾನಿಸುವುದು ಕಾಲೇಜಿನ ನೆರವಿನ ಕಚೇರಿಯೇ. ಅದನ್ನು ಒಪ್ಪದಿದ್ದರೆ ಕೇಂದ್ರ ಶಿಕ್ಷಣ ಇಲಾಖೆಗೆ ಹೋಗುವ ದಾರಿ ಇಲ್ಲ. ‘ಮರುಪರಿಶೀಲನೆ’ ಅಂದರೆ ಮರುಮೌಲ್ಯಮಾಪನದ ತಮ್ಮನ ಹಾಗೆ ಕೇಳಿಸುತ್ತದೆ.

ನನ್ನ ಮನಸ್ಸು ‘ಅಹವಾಲು’ ಕಡೆಗೆ. ಅರಬ್ಬಿಯಲ್ಲಿ ‘ಹಾಲ್’ ಎಂದರೆ ಸ್ಥಿತಿ; ‘ಅಹವಾಲ್’ ಅದರ ಬಹುವಚನ. ‘ಹಾಲಿ ಶಾಸಕರು’ ಅನ್ನುವಾಗಿನ ಹಾಲಿಯೂ ಅದೇ ಬಳ್ಳಿಯದು. ತಂಗಿಯ ಪತ್ರದ ತಿರುಳೂ ಅದೇ ತಾನೆ: ನೀವು ಹಿಡಿದದ್ದು ನಮ್ಮ ಮಾಜಿ ಆದಾಯ, ಹಾಲಿ ಆದಾಯ ನೋಡಿ ಸ್ವಾಮಿ! ತೊಡಕೆಂದರೆ, ಈಗ ಅಹವಾಲು ಅಂದ ಕೂಡಲೇ ಸಚಿವರ ಮುಂದೆ ಚೀಟಿ ಹಿಡಿದು ನಿಂತ ಸಾಲು ಕಣ್ಣಿಗೆ ಕಟ್ಟುತ್ತದೆ. ದೂರಿನ ವಾಸನೆ ಬಂತಲ್ಲ ಅನಿಸುತ್ತದೆ. ನಿಮಗೂ ಹಾಗೇ ಕೇಳಿಸುತ್ತದೆಯೇ?

ಇನ್ನೊಂದು. ಎಷ್ಟು ನೆರವು ಎಂದು ತಿಳಿಸಿ ಕಾಲೇಜು ಕಳಿಸುವುದನ್ನು ಅಲ್ಲಿ ‘ಅವಾರ್ಡ್ ಲೆಟರ್’ ಅನ್ನುತ್ತಾರೆ. ಪ್ರಶಸ್ತಿ ಪತ್ರ ಅನ್ನೋಣವೆಂದರೆ ಅದರೊಳಗೆ ಸಾಲವೂ ಇರುತ್ತದೆ, ಸಾಲಕ್ಕೆಂಥ ಪ್ರಶಸ್ತಿ! ‘ನೆರವಿನ ಮಂಜೂರಾತಿ ಪತ್ರ’ ಸಾಕು ಅನಿಸುತ್ತದೆ. ಆದರೆ ಅದರಲ್ಲಿ ತೀರಿಸಬೇಕಿಲ್ಲದ ಪಾಲಿಗೆ ಏನು ಹೆಸರು? ‘ಅನುದಾನ’ ಶಾಲೆಗೆ ಬರುವಂಥದ್ದು, ‘ಸಹಾಯಧನ’ ಅಂದರೆ ಸ್ಪ್ರಿಂಕ್ಲರ್ ಪೈಪಿನದು. ವಾರಾನ್ನದ ಕಾಲದಲ್ಲಿ ಈ ತಲೆನೋವೇ ಇರಲಿಲ್ಲ, ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರದು.

ಫೀಸು ಪೂರ್ತಿ ಕಟ್ಟಲಾಗದೆ ಪ್ರಿನ್ಸಿಪಾಲರ ಕೋಣೆಗೆ ಹೋಗಿ ಕೇಳಿಕೊಳ್ಳುವುದಕ್ಕೆ ನಿಮ್ಮ ಕಡೆ ಯಾವ ಮಾತಿದೆ? ಧಾರವಾಡ, ಕಲಬುರಗಿ ಕಡೆಯವರು ದಯವಿಟ್ಟು ತಿಳಿಸಿ.